ರಾಯಭಾರ ಕಚೇರಿಯ ಹೊಸ್ತಿಲು

ರಾಯಭಾರ ಕಚೇರಿಯ ಹೊಸ್ತಿಲು ಬರಿಯ ಹೊಸ್ತಿಲಲ್ಲ. 1961ರ ವಿಯೆನ್ನಾ ಒಪ್ಪಂದದಂತೆ, ರಾಯಭಾರಿಯ ಸಮ್ಮತಿಯಿಲ್ಲದೆ ಆತಿಥೇಯ ದೇಶದ ಪೊಲೀಸರೂ ಅದನ್ನು ದಾಟುವಂತಿಲ್ಲ.

ಲಂಡನ್ನಿನ ವಿವಾದದ ಬೇರು ಇಲ್ಲಿದೆ. ಹಿಂದೆ ನಾಣ್ಯಗಳನ್ನು ಟಂಕಿಸುತ್ತಿದ್ದ ರಾಯಲ್ ಮಿಂಟ್ ಕೋರ್ಟ್ ನಿವೇಶನವನ್ನು ಚೀನಾ 2018ರಲ್ಲಿ ಕೊಂಡಿತು. ಅಲ್ಲಿ ಬೃಹತ್ ರಾಯಭಾರ ಕಚೇರಿ ಕಟ್ಟಲು ಸ್ಥಳೀಯ ಆಡಳಿತ 2022ರಲ್ಲಿ ಅನುಮತಿ ನಿರಾಕರಿಸಿತು; 2026ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರವೇ ಅನುಮತಿಯಿತ್ತಿತು.

ಹಣಕಾಸಿನ ಮಾಹಿತಿಯನ್ನೊಯ್ಯುವ ಕೇಬಲ್ಲುಗಳು ಸಮೀಪದಲ್ಲೇ ಹಾಯುವುದರಿಂದ ಕದ್ದಾಲಿಕೆಗೆ ಎಡೆಯಾದೀತೆಂದು ಕೆಲವರು ಶಂಕಿಸಿದರು. ಹಾಂಗ್‌ಕಾಂಗ್ ತೊರೆದು ಬಂದವರು ತಮ್ಮ ಮೇಲೆ ಕಣ್ಣಿಡಲಾಗುವುದೆಂದು ಅಂಜಿದರು. ಚದುರಿದ ಕಚೇರಿಗಳು ಒಂದೆಡೆ ಸೇರಿದರೆ ಕಾವಲು ಸುಲಭವೆಂಬುದು ಸರ್ಕಾರದ ವಾದ.

ಬೀಜಿಂಗಿನಲ್ಲಿ ಬ್ರಿಟನ್ನಿನ ಕಚೇರಿಗೂ ಇದೇ ರಕ್ಷೆಯುಂಟು. ಆದುದರಿಂದ ಹೊಸ್ತಿಲ ಮರ್ಯಾದೆಯನ್ನು ಮುರಿಯಲಾಗದು. ಕೇಳಬೇಕಾದ ಪ್ರಶ್ನೆಗಳನ್ನು ಅಸ್ತಿಭಾರಕ್ಕೆ ಮೊದಲೇ ಕೇಳಬೇಕು.