‘ಲಿಫ್ಟ್’ ಎಂಬ ಪದವೂ ಎತ್ತುವವನ ಭಾರವೂ

ಮುಂಡರಗಿ ತಾಲೂಕಿನ ಸಿಂಗಟಾಲೂರಿನ ಹೆಸರು ತುಂಗಭದ್ರೆಯ ಏತ ನೀರಾವರಿ ಯೋಜನೆಯಿಂದ ನಾಡಿಗೆ ಪರಿಚಿತವಾಗಿದೆ. ಹಮ್ಮಿಗಿಯ ಬಳಿ ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜಿನಲ್ಲಿ ನಿಂತ ನೀರನ್ನು ಪಂಪುಗಳು ಮೇಲಕ್ಕೆತ್ತಿ ಕಾಲುವೆಗೆ ಹರಿಸುತ್ತವೆ. ಇಂಗ್ಲಿಷ್ ಕಡತಗಳಲ್ಲಿ ಈ ಯೋಜನೆಗೆ ಸೇರಿರುವ ‘ಲಿಫ್ಟ್’ ಎಂಬ ಸಾಮಾನ್ಯ ಪದವನ್ನು ವೇದಪಾಠದ ದೃಷ್ಟಿಯಿಂದ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಈ ಪದ ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಅದರ ಮೂಲದಲ್ಲಿರುವುದು ಗಾಳಿ, ಆಕಾಶ ಎಂಬ ಅರ್ಥ. ಇಂದು ಅದು ಮಹಡಿಗೆ ಒಯ್ಯುವ ಯಂತ್ರವೂ ಹೌದು, ದಾರಿಹೋಕನಿಗೆ ವಾಹನದಲ್ಲಿ ಕೊಡುವ ಸ್ಥಳವೂ ಹೌದು. ಮಂಜು ಕರಗುವುದಕ್ಕೂ, ನಿಷೇಧ ತೆರವಾಗುವುದಕ್ಕೂ, ಅಂಗಡಿಯ ಸರಕನ್ನು ಕದಿಯುವುದಕ್ಕೂ ಅದೇ ಪದ. ನಮ್ಮ ‘ಎತ್ತು’ ಎಂಬ ಕ್ರಿಯಾಪದವೂ ಇದಕ್ಕೆ ಕಡಿಮೆಯಿಲ್ಲ: ಕಣ್ಣೆತ್ತುತ್ತೇವೆ, ದನಿಯೆತ್ತುತ್ತೇವೆ, ಚಂದಾ ಎತ್ತುತ್ತೇವೆ, ಜನ್ಮವೆತ್ತುತ್ತೇವೆ. ಇದ್ದ ಜಾಗದಿಂದ ಕಿತ್ತುಹಾಕುವುದು ‘ಎತ್ತಂಗಡಿ’.

ಪವಿತ್ರ ಗ್ರಂಥವನ್ನು ಇಂಗ್ಲಿಷಿನ ಮೂಲಕ ಓದುವವರು ಇಲ್ಲಿ ಎಚ್ಚರದಿಂದಿರಬೇಕು. ಇಬ್ರಿಯ ಭಾಷೆಯ ‘ನಾಸಾ’ ಎಂಬ ಧಾತುವಿಗೆ ಎತ್ತುವುದು, ಹೊರುವುದು, ಕ್ಷಮಿಸುವುದು ಎಂಬ ಮೂರೂ ಅರ್ಥಗಳಿವೆ. 121ನೆಯ ಕೀರ್ತನೆಯಲ್ಲಿ ಭಕ್ತನು ಬೆಟ್ಟಗಳ ಕಡೆಗೆ ಕಣ್ಣೆತ್ತುವುದು ಇದೇ ಧಾತುವಿನಿಂದ. 32ನೆಯ ಕೀರ್ತನೆಯ ಆರಂಭದಲ್ಲಿ ದ್ರೋಹವು ಕ್ಷಮಿಸಲ್ಪಡುವುದೂ ಇದರಿಂದಲೇ. ಆದಿಕಾಂಡ 40ರಲ್ಲಿ ಯೋಸೇಫನು ಈ ದ್ವಂದ್ವಾರ್ಥವನ್ನು ಉದ್ದೇಶಪೂರ್ವಕವಾಗಿಯೇ ಬಳಸುತ್ತಾನೆ. ಫರೋಹನು ಇಬ್ಬರ ತಲೆಯನ್ನೂ ಎತ್ತುವನು; ಒಬ್ಬನು ಮರಳಿ ಪಾನದಾಯಕನ ಪದವಿಗೆ ಏರುತ್ತಾನೆ, ಇನ್ನೊಬ್ಬನು ಮರಕ್ಕೆ ತೂಗುಹಾಕಲ್ಪಡುತ್ತಾನೆ.

ಈ ಅರ್ಥಗಳು ಒಂದೆಡೆ ಕೂಡುವುದು ಯೆಶಾಯನ ಸೇವಕಗೀತೆಯಲ್ಲಿ. 52:13ರಲ್ಲಿ ಸೇವಕನು ಉನ್ನತಕ್ಕೆ ಎತ್ತಲ್ಪಡುವನೆಂಬ ಮುನ್ನುಡಿಯಿದೆ. 53:4ರಲ್ಲಿ ಅವನೇ ನಮ್ಮ ಸಂಕಟಗಳನ್ನು ಎತ್ತಿಕೊಳ್ಳುತ್ತಾನೆ. 53:12ರಲ್ಲಿ ಬಹುಜನರ ಪಾಪವನ್ನು ಹೊರುತ್ತಾನೆ. ಮೂರು ಕಡೆಯೂ ಧಾತು ಒಂದೇ. ಗ್ರೀಕ್ ಸೆಪ್ಟುವಜಿಂತ್ ಅನುವಾದವು 52:13ರಲ್ಲಿ ಬಳಸಿರುವ ‘ಹುಪ್ಸೊಓ’ ಎಂಬ ಕ್ರಿಯಾಪದವನ್ನೇ ಯೋಹಾನನು 3:14, 8:28 ಮತ್ತು 12:32ರಲ್ಲಿ ಬಳಸುತ್ತಾನೆ. ಅವನಿಗೆ ಶಿಲುಬೆಗೆ ಏರಿಸಲ್ಪಡುವುದೂ ಮಹಿಮೆಗೆ ಏರುವುದೂ ಎರಡು ಘಟನೆಗಳಲ್ಲ. ಎತ್ತಲ್ಪಟ್ಟವನು ಯಾರೆಂದರೆ ಎತ್ತಿ ಹೊತ್ತವನು.

ಕನ್ನಡದಲ್ಲಿ ಎತ್ತು, ಹೊರು, ಕ್ಷಮಿಸು ಎಂಬವು ಮೂರು ಬೇರೆ ಪದಗಳಾದ್ದರಿಂದ ಈ ಸಂಬಂಧ ಅನುವಾದದಲ್ಲಿ ಮರೆಯಾಗುವ ಸಂಭವವಿದೆ. ಆದರೆ ‘ಏತ’ ಎಂಬ ಪದ ಅದನ್ನು ಬೇರೊಂದು ರೀತಿಯಲ್ಲಿ ತೋರಿಸಿಕೊಡುತ್ತದೆ. ಪಂಪು ಬರುವ ಮುಂಚೆ ಬಾವಿಯ ನೀರೆತ್ತುತ್ತಿದ್ದ ಏತದ ಮರದ ಮೇಲೆ ಆಳೊಬ್ಬನು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದನು. ಅವನ ಭಾರಕ್ಕೆ ಒಂದು ತುದಿ ಕೆಳಗಿಳಿದಾಗ ಇನ್ನೊಂದು ತುದಿಯ ನೀರು ಮೇಲೇರುತ್ತಿತ್ತು. ಇಳಿಯುವವನಿಲ್ಲದೆ ನೀರು ಏರುತ್ತಿರಲಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿಯೂ ಕ್ರಮ ಇದೇ: ಮೊದಲು ತಗ್ಗಿಸಿಕೊಳ್ಳುವುದು, ಅನಂತರ ಏರಿಸಲ್ಪಡುವುದು.

ಸಿಂಗಟಾಲೂರಿನ ನೀರಿಗೂ ಇಂಥದೊಂದು ಭಾರವಿದೆ. ಹಿನ್ನೀರಿನ ದೆಸೆಯಿಂದ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದ ಜನರು ಮುಳುಗಡೆಯ ಬವಣೆಯನ್ನು ಅನುಭವಿಸಬೇಕಾಯಿತು. ಒಣಭೂಮಿಗೆ ನೀರು ಏರಿದ್ದು ಒಳಿತೇ. ಆದರೆ ಕೆಲವರಿಗೆ ಅದೇ ಯೋಜನೆ ಎತ್ತಂಗಡಿಯಾಯಿತು. ಇವರ ನಷ್ಟವನ್ನು ಶಿಲುಬೆಯೊಡನೆ ಸಮೀಕರಿಸಿ ಸಮಾಧಾನ ಹೇಳುವುದು ದೊಡ್ಡ ತಪ್ಪು. ಸೇವಕನು ಭಾರವನ್ನು ತಾನಾಗಿ ಎತ್ತಿಕೊಂಡನು. ಈ ಜನರ ಮೇಲೆ ಭಾರವನ್ನು ಬೇರೆಯವರು ಹೊರಿಸಿದರು.

ಆದುದರಿಂದ ದೇವರು ನಮ್ಮನ್ನು ಎತ್ತುವನೆಂದು ಪ್ರಸಂಗಪೀಠದಿಂದ ಸಾರುವ ಮುನ್ನ, ಯಾವ ಅರ್ಥದಲ್ಲಿ ಎಂದು ಕೇಳಿಕೊಳ್ಳೋಣ. ಪದವಿ, ಐಶ್ವರ್ಯಗಳ ಏರಿಕೆಯನ್ನಷ್ಟೇ ಸೂಚಿಸಿದರೆ ನಾವು ಯೆಶಾಯನ ವಾಕ್ಯದ ಅರ್ಧವನ್ನು ಮಾತ್ರ ಓದಿದಂತೆ. ಉಳಿದರ್ಧವನ್ನು ಓದುವ ಸಭೆ ಮುಳುಗಡೆಯಾದವರ ಮನೆಗೆ ಹೋಗಿ, ಅವರ ಹೊರೆಯ ಒಂದು ತುದಿಗಾದರೂ ಹೆಗಲು ಕೊಡುತ್ತದೆ.