ತಟ್ಟೆಯ ಎಡಭಾಗ

ಲಕ್ವ ಹೊಡೆದವರೊಬ್ಬರು ಊಟಕ್ಕೆ ಕೂತಿದ್ದಾರೆ ಅಂದುಕೊಳ್ಳಿ. ತಟ್ಟೆಯ ಬಲಕ್ಕಿದ್ದ ಅನ್ನ, ಸಾರು ಖಾಲಿ. ಎಡಕ್ಕಿದ್ದ ಪಲ್ಯ ಹಾಗೇ ಇದೆ. ಪಲ್ಯ ಹಾಕಲೇ ಇಲ್ಲ ಅಂತ ಮನೆಯವರ ಮೇಲೆ ಸಿಡುಕು ಬೇರೆ!

ಕಣ್ಣಿನ ತೊಂದರೆಯಾ? ಎಡಗಡೆಯ ನೋಟವಷ್ಟೇ ಹೋದವರು ಸಾಮಾನ್ಯವಾಗಿ ಕತ್ತು ತಿರುಗಿಸಿ ಹುಡುಕುತ್ತಾರೆ. ಇವರು ಹುಡುಕುವುದೂ ಇಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಎಡಗಡೆ ಅನ್ನೋದು ಗಮನದಿಂದಲೇ ಜಾರಿಬಿಡಬಹುದು. ಕೆಲವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ, ತೊಡಕು ಅಲ್ಲೇ.

1978ರಲ್ಲಿ ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಜ್ಜಾಟ್ಟಿ ಇಂಥ ಇಬ್ಬರು ರೋಗಿಗಳ ಬಗ್ಗೆ ಬರೆದರು. ಮಿಲಾನ್‌ನ ದೊಡ್ಡ ಚರ್ಚಿನ ಎದುರಿನ ಚೌಕವನ್ನು, ಚರ್ಚಿಗೆ ಮುಖ ಮಾಡಿ ನಿಂತಂತೆ, ಮನಸ್ಸಿನಲ್ಲೇ ನೋಡಿ ಹೇಳಿ ಅಂದಾಗ, ಅವರು ಎಡಗಡೆಯದನ್ನು ಬಹುಪಾಲು ಬಿಟ್ಟರು. ಚರ್ಚಿನ ಕಡೆಯಿಂದ ಈಚೆ ನೋಡುತ್ತಿದ್ದೀರಿ ಅಂದಾಗ? ಬಿಟ್ಟಿದ್ದರಲ್ಲಿ ಬಹಳಷ್ಟು ಬಂತು, ಮೊದಲು ಹೇಳಿದ್ದರಲ್ಲಿ ಬಹಳಷ್ಟು ಹೋಯಿತು! ನೆನೆಸಿಕೊಳ್ಳೋಕೆ ಕಣ್ಣು ಬೇಡವಲ್ಲ.

ಈಗ ನಾಯಿ. ಮಿದುಳಿನಲ್ಲಿ ಗಡ್ಡೆಯಾದ ಕೆಲವು ನಾಯಿಗಳೂ ಬಟ್ಟಲಿನ ಒಂದು ಪಕ್ಕದ್ದನ್ನು ಮಾತ್ರ ತಿನ್ನುತ್ತವೆ. ಅದಕ್ಕೆ ಯಾವ ಚೌಕ ನೆನೆಸಿಕೋ ಅನ್ನೋಣ? ಪಶುವೈದ್ಯರು ಗಾಳಿ ತಾಗದಂತೆ ಕಣ್ಣಿನತ್ತ ಕೈ ಬೀಸಿ ರೆಪ್ಪೆ ಬಡಿಯುತ್ತದಾ ನೋಡುತ್ತಾರೆ, ಟಾರ್ಚ್ ಬಿಟ್ಟು ಪಾಪೆ ಕಿರಿದಾಗುತ್ತದಾ ನೋಡುತ್ತಾರೆ, ಮೂಗಿನ ಹೊಳ್ಳೆಯೊಳಗೆ ಮೆಲ್ಲಗೆ ಮುಟ್ಟುತ್ತಾರೆ. ಪಾಪೆ ಸರಿಯಿದ್ದೂ ಒಂದು ಪಕ್ಕದ ರೆಪ್ಪೆ ಬಡಿಯದೆ, ಅದೇ ಪಕ್ಕದ ಹೊಳ್ಳೆ ಮುಟ್ಟಿದರೂ ತಲೆ ಸರಿಸದಿದ್ದರೆ, ಅನುಮಾನ ಮುಮ್ಮಿದುಳಿನ ಎದುರು ಪಕ್ಕದ ಮೇಲೆ. ಗಡ್ಡೆ ಎಲ್ಲಿದೆ ಅಂತ ಎಂಆರ್‌ಐ ತೋರಿಸೀತು. ನಾಯಿಗೆ ಅನ್ನ ಕಾಣಲಿಲ್ಲವೋ, ಗಮನಕ್ಕೇ ಬರಲಿಲ್ಲವೋ, ಅದನ್ನು ಹೇಳದು.