ಸ್ಥಿರವಾಣಿಯಿಂದ ಜಂಗಮವಾಣಿಗೆ

ಮನೆಯ ದೂರವಾಣಿಯನ್ನು ತೆಗೆಸಿ, ಮಾತು ಮತ್ತು ಅಂತರ್ಜಾಲ ಎರಡನ್ನೂ ಮೊಬೈಲ್ ಬ್ರಾಡ್‌ಬ್ಯಾಂಡಿಗೆ ವರ್ಗಾಯಿಸಿಕೊಂಡರೆ ಹೇಗೆ ಎಂದು ನಮ್ಮ ಶಾಲೆಯ ಪಾಲಕರು ಈಚಿನ ಕೆಲವು ವರ್ಷಗಳಿಂದ ನನ್ನನ್ನು ಕೇಳುತ್ತಿದ್ದಾರೆ. ಕನ್ನಡ ಪಂಡಿತನಾದವನಿಗೆ ತಂತಿ ತರಂಗಗಳ ಗೊಡವೆ ಏತಕ್ಕೆ ಎಂಬ ಶಂಕೆ ವಾಚಕರಲ್ಲಿ ಮೂಡುವುದು ಸಹಜವೇ. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಓದಿ ಬೆಳೆದ ನಾನು ಈ ವಿಷಯದಲ್ಲಿ ಶಾಸ್ತ್ರಜ್ಞನಲ್ಲ. ಆದರೆ ಈ ಮಾರ್ಪಾಟನ್ನು ನಮ್ಮ ಮನೆಯಲ್ಲಿಯೇ ಮಾಡಿ, ಕೆಲವನ್ನು ಗಳಿಸಿ ಕೆಲವನ್ನು ಕಳೆದುಕೊಂಡಿದ್ದೇನೆ. ವಿಜ್ಞಾನ ಬೋಧಿಸುವ ಸಹೋದ್ಯೋಗಿಗಳನ್ನು ಕಾಡಿ ಬೇಡಿ ಅರಿತುಕೊಂಡುದನ್ನೂ ಸ್ವಾನುಭವವನ್ನೂ ಕೂಡಿಸಿ ಇಲ್ಲಿ ನಿವೇದಿಸಿದ್ದೇನೆ.

ಮೊದಲು ಪದವಿಚಾರ, ಅದನ್ನು ಬಿಟ್ಟರೆ ನನ್ನ ವೃತ್ತಿಗೆ ಲೋಪ ಬಂದೀತು. 'ಟೆಲಿಫೋನ್' ಎಂಬುದು ಗ್ರೀಕ್ ಮೂಲದ ಎರಡು ಪದಗಳ ಜೋಡಣೆ. ಒಂದಕ್ಕೆ ದೂರ, ಇನ್ನೊಂದಕ್ಕೆ ಧ್ವನಿ ಎಂದು ಅರ್ಥ. ಆದುದರಿಂದ ನಮ್ಮ 'ದೂರವಾಣಿ' ಅದರ ಸರಿಸಮನಾದ ರೂಪ. ಮೊಬೈಲ್ ಬಂದಾಗ ಕೆಲವರು ಅದನ್ನು 'ಸಂಚಾರಿ ದೂರವಾಣಿ' ಎಂದರು, ಕೆಲವರು 'ಜಂಗಮವಾಣಿ' ಎಂದರು. ಎರಡನೆಯದು ನನಗೆ ಪ್ರಿಯ. 'ಹೋಗು' ಎಂಬರ್ಥದ ಗಮ್ ಧಾತು ದ್ವಿತ್ವಗೊಂಡು 'ಜಂಗಮ'ವಾಗುತ್ತದೆ. ಮೇಲಿಂದ ಮೇಲೆ ಚಲಿಸುತ್ತಲೇ ಇರುವುದು ಎಂಬ ಅರ್ಥ ಆ ದ್ವಿತ್ವದಲ್ಲಿದೆ. ಗೋಡೆಗೆ ಕಟ್ಟಿಹಾಕಿದ ಹಳೆಯ ದೂರವಾಣಿಗೆ 'ಸ್ಥಿರವಾಣಿ' ಎಂಬ ಹೆಸರು ಬಂದುದು ಆಮೇಲೆ. ಚಲಿಸುವ ಮತ್ತೊಂದು ಬರುವವರೆಗೂ ತಾನು ಸ್ಥಿರವೆಂದು ಅದಕ್ಕೇ ತಿಳಿದಿರಲಿಲ್ಲ.

ಅಲೆಕ್ಸಾಂಡರ್ ಗ್ರಹಾಂ ಬೆಲ್ ಮಹಾಶಯನು 1876ರಲ್ಲಿ ದೂರವಾಣಿಗೆ ಹಕ್ಕುಪತ್ರ ಪಡೆದನು. ಆರು ವರ್ಷ ಕಳೆಯುವಷ್ಟರಲ್ಲಿ, 1882ರ ಜನವರಿಯಲ್ಲಿ, ಕಲ್ಕತ್ತೆಯಲ್ಲಿ ದೂರವಾಣಿ ವಿನಿಮಯ ಕೇಂದ್ರ ತೆರೆಯಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ದೇಶಕ್ಕೆಲ್ಲ ದೂರವಾಣಿಗಳನ್ನು ಮಾಡಿಕೊಟ್ಟಿತು. ಅದರ ಸುತ್ತಲ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಆದರೂ ಹಳ್ಳಿಗೆ ದೂರವಾಣಿ ಬರುವುದು ತಡವಾಯಿತು. ಅರ್ಜಿ ಸಲ್ಲಿಸಿ ವರ್ಷಗಟ್ಟಲೆ ಕಾಯುವುದು, ಪರವೂರಿಗೆ ಮಾತನಾಡಲು ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಹಚ್ಚಿಸಿ ಕಟ್ಟೆಯ ಮೇಲೆ ಕುಳಿತಿರುವುದು ನಮ್ಮ ಪೀಳಿಗೆಯವರಿಗೆ ಮರೆತಿಲ್ಲ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯು ನಮ್ಮ ಧೂಳು ಸೆಕೆಗಳಿಗೆ ಒಗ್ಗುವ, 128 ಸಂಪರ್ಕಗಳ ಪುಟ್ಟ ಗ್ರಾಮೀಣ ವಿನಿಮಯ ಕೇಂದ್ರವನ್ನು ನಿರ್ಮಿಸಿ, ಅದನ್ನು ಮೊದಲಿಗೆ 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ನೆಲೆಗೊಳಿಸಿತು. ಬೆಳಗಾವಿ ಧಾರವಾಡ ಹೆದ್ದಾರಿಯಿಂದ ಒಳಗಿರುವ ನಮ್ಮ ಊರಿನವರಿಗೆ ಇದು ಹೆಮ್ಮೆಯ ಮಾತು. ಕೆಲವು ವರ್ಷಗಳ ತರುವಾಯ ನಮ್ಮ ಪಡಸಾಲೆಯ ಮಾಡದಲ್ಲಿಯೂ ಒಂದು ಕಪ್ಪು ದೂರವಾಣಿ ಬಂದು ಕುಳಿತಿತು.

ಆ ದೂರವಾಣಿಯ ಒಳಗುಟ್ಟನ್ನು ಅರಿತರೆ ಮಿಕ್ಕುದೆಲ್ಲ ಸುಲಭ. ವಿನಿಮಯ ಕೇಂದ್ರದಿಂದ ನಮ್ಮ ಮನೆಯವರೆಗೆ ತಾಮ್ರದ ಎರಡು ಎಳೆಗಳು ಬಂದಿರುತ್ತವೆ. ಆ ಜೋಡಿ ನಮ್ಮ ಮನೆಗಾಗಿಯೇ ಮೀಸಲಾದುದು. ಕೇಂದ್ರವನ್ನು ಮುಟ್ಟುವವರೆಗೂ ಅದರಲ್ಲಿ ಇನ್ನೊಬ್ಬರ ಮಾತು ಹರಿಯದು. ಅದರಲ್ಲಿ ಹರಿಯುವ ವಿದ್ಯುತ್ತೂ ಕೇಂದ್ರದ ಬ್ಯಾಟರಿಗಳಿಂದಲೇ ಬರುವಂಥದು, ಸುಮಾರು 48 ವೋಲ್ಟ್. ಈ ಕಾರಣದಿಂದಲೇ ಮನೆಯ ದೀಪ ಆರಿದರೂ ದೂರವಾಣಿ ಮಾತನಾಡುತ್ತಿತ್ತು. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಬೆಳಗಾವಿ ಸೀಮೆಯಲ್ಲಿ ನೆರೆ ಬಂದಾಗ ನಮ್ಮ ಊರಿನಲ್ಲಿ ಕರೆಂಟು ಹೋಯಿತು. ಮರುದಿನ ಗೋಪುರಗಳ ಬ್ಯಾಟರಿಯೂ ಬರಿದಾಗಿ ಎಲ್ಲರ ಮೊಬೈಲುಗಳು ಮೂಕವಾದವು. ಆಗ ಓಣಿಯ ಜನ ನಮ್ಮ ಪಡಸಾಲೆಗೆ ಬಂದು, ಸರದಿಯಲ್ಲಿ ನಿಂತು, ದೂರದ ಬಂಧುಗಳಿಗೆ ತಮ್ಮ ಕ್ಷೇಮಸಮಾಚಾರ ತಿಳಿಸಿದರು. ಆ ಎರಡು ದಿನಗಳ ಋಣವನ್ನು ನಾನು ಆ ತಂತಿಗೆ ಎಂದಿಗೂ ಅಲ್ಲಗಳೆಯಲಾರೆ.

ಅದೇ ತಾಮ್ರದ ಎಳೆಯ ಮೇಲೆ ಅಂತರ್ಜಾಲವೂ ಬಂದುದು 2005ರಿಂದೀಚೆಗೆ. ಮನುಷ್ಯನ ಮಾತಿಗೆ ತಂತಿಯಲ್ಲಿ ಬೇಕಾದುದು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ಎಡೆ ಮಾತ್ರ. ಅದರ ಮೇಲೆ ಖಾಲಿ ಉಳಿದ, 25 ಸಾವಿರದಿಂದ ಹತ್ತು ಲಕ್ಷಕ್ಕೂ ಮಿಕ್ಕ ಕಂಪನಗಳ ಹರವನ್ನು ಅಂತರ್ಜಾಲಕ್ಕೆ ಬಳಸಿದರು. ಗೋಡೆಯ ಬಳಿ ಇರುವ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯು ಮಾತನ್ನು ದೂರವಾಣಿಗೂ ಮಾಹಿತಿಯನ್ನು ಮೋಡೆಮಿಗೂ ಬೇರ್ಪಡಿಸಿ ಕಳುಹಿಸುತ್ತದೆ. ಒಂದೇ ಶಬ್ದದಿಂದ ಎರಡು ಅರ್ಥ ಹೊರಡಿಸುವ ಶ್ಲೇಷಾಲಂಕಾರವನ್ನು ಪಾಠ ಹೇಳುವಾಗ ನಾನು ಈ ಡಬ್ಬಿಯ ದೃಷ್ಟಾಂತ ಕೊಡುತ್ತಿದ್ದೆ. ಆದರೆ ಹೆಚ್ಚು ಕಂಪನದ ಸಂಕೇತವು ತಾಮ್ರದಲ್ಲಿ ದೂರ ಸಾಗಿದಂತೆಲ್ಲ ಬೇಗ ಸೊರಗುತ್ತದೆ. ಕೇಂದ್ರದ ಪಕ್ಕದ ಮನೆಗೆ ದೊರೆಯುವ ವೇಗ ನಾಲ್ಕೈದು ಕಿಲೋಮೀಟರು ದೂರದ ಮನೆಗೆ ದೊರೆಯದು. ಜೋಡಣೆಯ ಗಂಟಿನಲ್ಲಿ ಮಳೆನೀರು ಇಳಿದರಂತೂ ಮಾತಿನಲ್ಲಿ ಕರಕರ ಸದ್ದು, ಅಂತರ್ಜಾಲಕ್ಕೆ ಗ್ರಹಣ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಪರದೆಗೆ ಏರಿದಾಗ ನಮ್ಮ ಮನೆ ಈ ಕಷ್ಟವನ್ನು ಪೂರ್ತಿಯಾಗಿ ಉಂಡಿತು. ಷಟ್ಪದಿಯ ಲಕ್ಷಣ ಹೇಳುತ್ತಿರುವಾಗ ಮೂರನೆಯ ಸಾಲಿಗೇ ನಾನು ಬೊಂಬೆಯಂತೆ ನಿಂತುಬಿಡುತ್ತಿದ್ದೆನಂತೆ. ಮಕ್ಕಳು ಅದನ್ನು ಈಗಲೂ ಆಡಿ ತೋರಿಸುತ್ತಾರೆ.

ಕಡೆಗೆ ರಸ್ತೆ ಅಗಲಿಸುವ ಯಂತ್ರವು ನೆಲದೊಳಗಿನ ಕೇಬಲನ್ನು ಕಡಿದುಹಾಕಿತು. ದೂರು ಕೊಟ್ಟೆ, ದೂರಿನ ಸಂಖ್ಯೆ ಬಂದಿತು, ದುರಸ್ತಿ ಬರಲಿಲ್ಲ. ಒಂದೂವರೆ ತಿಂಗಳು ಕಾದು, ಮನೆಯವರೆಲ್ಲ ಕುಳಿತು ವಿಚಾರಿಸಿ ಮೊಬೈಲ್ ಬ್ರಾಡ್‌ಬ್ಯಾಂಡಿಗೆ ಹೋಗುವುದೆಂದು ನಿಶ್ಚಯಿಸಿದೆವು. ನಮ್ಮ ಅವ್ವ ಮಾತ್ರ "ಎಳಿ ಇಲ್ಲದ ಮಾತು ಹ್ಯಾಂಗ ಬರತೈತೋ ತಮ್ಮಾ?" ಎಂದು ಕೇಳಿದಳು. ಎಂಬತ್ತು ದಾಟಿದ ಆಕೆಯ ಪ್ರಶ್ನೆ ಬಹು ಯೋಗ್ಯವಾದುದೇ. ಮೊಬೈಲ್ ಬ್ರಾಡ್‌ಬ್ಯಾಂಡ್ ಕೊಳ್ಳುವ ಮುನ್ನ ಪ್ರತಿಯೊಬ್ಬರೂ ಕೇಳತಕ್ಕ ಪ್ರಶ್ನೆ.

ಉತ್ತರವಿದು. ಊರ ಹೊರಗಿನ ಗೋಪುರದವರೆಗೆ ಮಾಹಿತಿ ಬಹುಮಟ್ಟಿಗೆ ಗಾಜಿನ ಎಳೆಯಲ್ಲಿಯೋ ಗೋಪುರದಿಂದ ಗೋಪುರಕ್ಕೆ ಹಾರುವ ತರಂಗದಲ್ಲಿಯೋ ಬರುತ್ತದೆ. ಅಲ್ಲಿಂದ ನಮ್ಮ ಮನೆಗೆ ಬರುವುದು ರೇಡಿಯೋ ಅಲೆಯಾಗಿ. ಸಿಮ್ ಹಾಕಿದ ರೂಟರ್ ಎಂಬ ಪೆಟ್ಟಿಗೆ ಆ ಅಲೆಯನ್ನು ಹಿಡಿದು ಮನೆಯೊಳಗೆ ವೈಫೈ ಆಗಿ ಹಂಚುತ್ತದೆ. ಪತ್ರಿಕೆಗಳು ಇವಕ್ಕೆ 'ತರಂಗಾಂತರ' ಎಂಬ ಪದವನ್ನೇ ಎಲ್ಲೆಡೆ ಹಾಕುತ್ತವೆ. ಎರಡು ತರಂಗಗಳ ನಡುವಣ ಅಂತರ ಎಂಬ ಅರ್ಥದ ಆ ಪದವು ಉದ್ದವನ್ನು ಸೂಚಿಸುತ್ತದೆ. ಎಣಿಕೆಯನ್ನು ಹೇಳುವಾಗ ಆವರ್ತನವೆನ್ನಬೇಕು. ಈ ಭೇದ ಬರಿಯ ಪಾಂಡಿತ್ಯವಲ್ಲ. 850 ಮೆಗಾಹರ್ಟ್ಸ್ ಆವರ್ತನದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರು, ಅಂದರೆ ಒಂದೂವರೆ ಗೇಣು. 2300 ಮೆಗಾಹರ್ಟ್ಸಿನದು ಸುಮಾರು 13 ಸೆಂಟಿಮೀಟರು, ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ಉದ್ದನೆಯ ಅಲೆ ದೂರ ಸಾಗುತ್ತದೆ, ಗೋಡೆಯನ್ನೂ ಒಂದಿಷ್ಟು ತೂರುತ್ತದೆ. ಗಿಡ್ಡ ಅಲೆಗಳ ಪಟ್ಟಿಗಳು ಸಾಮಾನ್ಯವಾಗಿ ಅಗಲವಾಗಿದ್ದು ಹೆಚ್ಚು ಮಾಹಿತಿ ಹೊರುತ್ತವೆ. ಆದರೆ ಗೋಡೆಯ ಮುಂದೆ ಬೇಗ ದಣಿಯುತ್ತವೆ. ತಗಡಿನ ಛಾವಣಿಯಾದರೆ ಹೆಚ್ಚಿನ ಪಾಲು ಅಲ್ಲಿಯೇ ತಿರುಗಿ ಹೋಗುತ್ತದೆ.

ಆದುದರಿಂದ ಅಂಗಡಿಯವನ ಜಾಹೀರಾತನ್ನು ನಂಬಿ ರೂಟರ್ ತರಬಾರದು. ಮೊದಲು ಮನೆಯನ್ನು ಅಳೆಯಬೇಕು. ನಮ್ಮದು ಎರಡು ಮೊಳ ದಪ್ಪದ ಮಣ್ಣಿನ ಗೋಡೆಯ ಹಳೆಯ ಮನೆ. ಬೇರೆ ಬೇರೆ ಸಂಸ್ಥೆಗಳ ಎರಡು ಸಿಮ್ಮುಗಳನ್ನು ಬಂಧುಗಳಿಂದ ಕಡ ತಂದು, ಹತ್ತನೆಯ ತರಗತಿಯ ಒಬ್ಬ ಚೂಟಿ ಹುಡುಗನನ್ನು ಜೊತೆಗೆ ಕರೆದುಕೊಂಡು ಕೋಣೆ ಕೋಣೆ ತಿರುಗಿದೆ. ಸಂಕೇತದ ಬಲವನ್ನು ಮೊಬೈಲಿನ ಸೆಟ್ಟಿಂಗ್ಸಿನಲ್ಲಿಯೋ ಒಂದು ಉಚಿತ ಆ್ಯಪಿನಲ್ಲಿಯೋ ಡಿಬಿಎಂ ಎಂಬ ಮಾನದಲ್ಲಿ ನೋಡಬಹುದು. ಅದು ಋಣಸಂಖ್ಯೆ; ಸೊನ್ನೆಗೆ ಸಮೀಪಿಸಿದಷ್ಟೂ ಬಲ ಹೆಚ್ಚು. ಹತ್ತು ಅಂಕ ಇಳಿದರೆ ಬಲ ಹತ್ತನೆಯ ಒಂದು ಪಾಲಿಗೆ, ಇಪ್ಪತ್ತು ಇಳಿದರೆ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ನಡುಮನೆಯಲ್ಲಿ ಅದು ಋಣ 112, ಅಡುಗೆಮನೆಯಲ್ಲಿ ಋಣ 108. ಅಟ್ಟದ ಮೇಲಣ ಪೂರ್ವದ ಕಿಟಕಿಯಲ್ಲಿ ಋಣ 88. ರೂಟರಿಗೆ ಸ್ಥಾನ ಆ ಕಿಟಕಿಯೇ ಎಂದು ನಿರ್ಣಯವಾಯಿತು. ಜಂಗಮವೆಂದು ಕೊಂಡುತಂದ ವಸ್ತುವನ್ನು ಕಿಟಕಿಯ ಸರಳಿಗೆ ಕಟ್ಟಿ ಸ್ಥಾವರ ಮಾಡಬೇಕಾಗಿ ಬಂದುದನ್ನು ಕಂಡು ಹುಡುಗ ನಕ್ಕನು.

ಸಂಕೇತ ಬಲವಾಗಿದ್ದರೂ ಸಾಲದು. ತಾಮ್ರದ ಜೋಡಿ ನಮ್ಮ ಮನೆಗೆ ಮೀಸಲಾಗಿತ್ತು. ಗೋಪುರದ ಅಲೆ ಮೀಸಲಲ್ಲ. ಅದರ ವ್ಯಾಪ್ತಿಯಲ್ಲಿ ಎಷ್ಟು ಮಂದಿ ಇದ್ದಾರೋ ಅಷ್ಟು ಮಂದಿಗೂ ಅದೇ ಹಂಚಿಕೆಯಾಗಬೇಕು, ಒಂದೇ ಕೆರೆಯ ನೀರು ಎಲ್ಲ ಹೊಲಗಳಿಗೆ ಹರಿದಂತೆ. ಬೆಳಗಿನ ಆರು ಗಂಟೆಗೆ ಕಂಡ ವೇಗ ರಾತ್ರಿಯ ಎಂಟಕ್ಕೆ ಕಾಣದಿರುವುದು ಇದರಿಂದ. ಪರೀಕ್ಷಿಸುವವರು ಮುಸ್ಸಂಜೆಯಿಂದ ರಾತ್ರಿ ಹತ್ತರ ಒಳಗೆ ಪರೀಕ್ಷಿಸತಕ್ಕದ್ದು, ಅದೂ ಒಂದು ದಿನವಲ್ಲ, ಒಂದು ವಾರ.

ಇನ್ನು ಮಿತಿಯ ಲೆಕ್ಕ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ಪಾಠ ನೋಡಿದರೆ 3600 ಮೆಗಾಬಿಟ್ ಆಯಿತು. ಎಂಟು ಬಿಟ್ಟಿಗೆ ಒಂದು ಬೈಟ್ ಆದುದರಿಂದ ಅದು 450 ಮೆಗಾಬೈಟ್. ದಿನಕ್ಕೆ 2 ಗಿಗಾಬೈಟ್ ಕೊಡುವ ಯೋಜನೆ ಹೀಗೆ ನಾಲ್ಕು ಗಂಟೆಗಿಂತ ತುಸು ಹೆಚ್ಚು ಹೊತ್ತು ನಡೆದೀತು. ಓದುವ ಮಕ್ಕಳಿಬ್ಬರಿದ್ದು, ಸಂಜೆ ಹಿರಿಯರು ಧಾರಾವಾಹಿ ನೋಡುವ ಮನೆಗೆ ಅದು ಸಾಲದು. ಮಿತಿ ಮುಗಿದ ಮೇಲೆ ಹಲವು ಯೋಜನೆಗಳಲ್ಲಿ ವೇಗವು 64 ಕಿಲೋಬಿಟ್ಟಿಗೆ ಇಳಿಯುತ್ತದೆ; ಅದರಲ್ಲಿ ಪಾಠವಿರಲಿ, ಪಾಠದ ಶೀರ್ಷಿಕೆ ಬರುವುದೂ ಕಷ್ಟ. ತಿಂಗಳ ಬೆಲೆಗಿಂತ ಮೊದಲು ಈ ಗುಣಾಕಾರವನ್ನು ಮಾಡಿಕೊಳ್ಳಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಗಾಜಿನ ಎಳೆಯ ಸಂಪರ್ಕ, ಅಂದರೆ ಫೈಬರ್, ನಿಮ್ಮ ಬಾಗಿಲವರೆಗೆ ಬಂದಿದ್ದರೆ ಮೊಬೈಲ್ ಬ್ರಾಡ್‌ಬ್ಯಾಂಡಿನ ಯೋಚನೆಯನ್ನೇ ಬಿಡಿರಿ. ಅದು ತಾಮ್ರದಂತೆ ಮಳೆಗೆ ಕೊಳೆಯದು, ಅಲೆಯಂತೆ ಗೋಡೆಗೆ ಸೋಲದು. ಹಳೆಯ ದೂರವಾಣಿ ಸಂಖ್ಯೆಯನ್ನೇ ಅದರಲ್ಲಿ ಉಳಿಸಿಕೊಡುವಿರಾ ಎಂದೂ ಕೇಳಿ ನೋಡಬಹುದು. ನಮ್ಮ ಓಣಿಗೆ ಅದು ಬಂದಿರಲಿಲ್ಲ. ಬಾಡಿಗೆ ಮನೆಯವರಿಗೆ, ವರ್ಷವರ್ಷ ವರ್ಗವಾಗುವ ನೌಕರರಿಗೆ, ತೋಟದ ಮನೆಯವರಿಗೆ ಮೊಬೈಲೇ ಅನುಕೂಲ. ಸಿಮ್ಮನ್ನು ಕಿಸೆಯಲ್ಲಿ ಹಾಕಿಕೊಂಡು ಹೊರಟರಾಯಿತು.

ವಿದ್ಯುತ್ತಿನ ಚಿಂತೆಯನ್ನು ಈಗ ನಾವೇ ಹೊರಬೇಕು. ರೂಟರಿಗೆಂದೇ ದೊರೆಯುವ ಸಣ್ಣ ಬ್ಯಾಟರಿ ಪೆಟ್ಟಿಗೆಯೊಂದನ್ನು ತಂದು ಜೋಡಿಸಿದ್ದೇವೆ. ಗೋಪುರದ ಬ್ಯಾಟರಿಗೆ ಮಾತ್ರ ನಾವು ಏನೂ ಮಾಡಲಾರೆವು. ಮಾತಿಗಾಗಿ ಅವ್ವನಿಗೆ ಸಿಮ್ ಹಾಕುವ ಮೇಜಿನ ದೂರವಾಣಿಯನ್ನು ತಂದೆವು. ನೋಡಲು ಹಳೆಯದರಂತೆಯೇ ಇದ್ದು, ಎತ್ತಿ ಕಿವಿಗೆ ಹಿಡಿಯುವ ರಿಸೀವರ್ ಇದೆ, ದೊಡ್ಡ ಗುಂಡಿಗಳಿವೆ. ಇಂಥದನ್ನು ಕೊಳ್ಳುವವರು ಅದು ಎಷ್ಟನೆಯ ತಲೆಮಾರಿನ ಜಾಲಕ್ಕೆ ಹೊಂದುವುದೆಂದು ವಿಚಾರಿಸಿಯೇ ಕೊಳ್ಳಬೇಕು. ಹಳೆಯ 2ಜಿ ಸಾಧನಕ್ಕೆ ಎಲ್ಲ ಸಂಸ್ಥೆಗಳ ಸಿಮ್ ಹೊಂದದು.

ಕಡೆಯದು ಸಂಖ್ಯೆಯ ವಿಚಾರ. ನಾನು ತಪ್ಪಿದುದು ಇದರಲ್ಲಿಯೇ. 2011ರ ಜನವರಿಯಿಂದ ದೇಶದೆಲ್ಲೆಡೆ ಮೊಬೈಲ್ ಸಂಖ್ಯೆಯನ್ನು ಬಿಡದೆ ಸಂಸ್ಥೆಯನ್ನು ಬದಲಿಸುವ ಸೌಕರ್ಯವಿದೆ. ಆದರೆ ಸ್ಥಿರ ದೂರವಾಣಿಯ ಸಂಖ್ಯೆಯನ್ನು ಮೊಬೈಲಿಗೆ ಒಯ್ಯಲು ಬಾರದು. ಆ ಸಂಖ್ಯೆ ಊರಿಗೆ ಅಂಟಿದುದು, ಅದರ ಹಿಂದಿನ ಎಸ್‌ಟಿಡಿ ಸಂಕೇತವೇ ಊರಿನ ಗುರುತು. ಸಂಪರ್ಕ ಬಿಟ್ಟೊಡನೆ ಸಂಖ್ಯೆಯೂ ಹೋಗುತ್ತದೆ. ಆದಕಾರಣ ಹೊಸ ಸಂಪರ್ಕವನ್ನು ಒಂದು ತಿಂಗಳಾದರೂ ನಡೆಸಿ ನೋಡಿ, ಬ್ಯಾಂಕು, ಗ್ಯಾಸ್ ಏಜೆನ್ಸಿ, ಶಾಲೆ, ಆಸ್ಪತ್ರೆಗಳಲ್ಲಿ ಸಂಖ್ಯೆ ತಿದ್ದಿಸಿ, ಬಂಧುಗಳಿಗೆ ಒಬ್ಬೊಬ್ಬರಿಗೂ ತಿಳಿಸಿ, ಅನಂತರವೇ ಹಳೆಯದನ್ನು ಒಪ್ಪಿಸಬೇಕು. ಉಪಕರಣ ಹಿಂದಿರುಗಿಸಿದ ರಸೀದಿಯನ್ನು ಜೋಪಾನ ಮಾಡಬೇಕು. ಠೇವಣಿ ಮರಳುವುದು ಅದರ ಆಧಾರದ ಮೇಲೆ.

ನಾನು ಬ್ಯಾಂಕಿಗೆ ತಿಳಿಸಿದೆ, ಗ್ಯಾಸಿನವರಿಗೆ ತಿಳಿಸಿದೆ. ಎರಡು ಜಿಲ್ಲೆ ಆಚೆಗಿರುವ ದೊಡ್ಡವ್ವನನ್ನು ಮರೆತೆ. ಅವ್ವನ ಅಕ್ಕನಾದ ಆಕೆಗೆ ಓದು ಬಾರದು. ಬಾಯಿಪಾಠವಿದ್ದುದು ನಮ್ಮ ಮನೆಯ ಸಂಖ್ಯೆ ಒಂದೇ. ಅಮಾವಾಸ್ಯೆಯ ದಿನ ಎಂದಿನಂತೆ ಮೊಮ್ಮಗನ ಕೈಯಿಂದ ಕರೆ ಹಚ್ಚಿಸಿದಾಗ, ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಯಾರೋ ಹೆಂಗಸು ಹೇಳಿದ್ದನ್ನು ಕೇಳಿ, ತಂಗಿಗೆ ಏನೋ ಆಗಿಹೋಗಿದೆ ಎಂದು ಇಡೀ ರಾತ್ರಿ ಅತ್ತಳಂತೆ. ಬೆಳಗಿನ ಮೊದಲ ಬಸ್ಸಿಗೆ ಮೊಮ್ಮಗ ಗಾಬರಿಯಿಂದ ಬಂದು ನಿಂತಾಗ ಅವ್ವ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ಅವನನ್ನು ಕೂರಿಸಿ, ಉಪ್ಪಿಟ್ಟು ಚಹ ಕೊಟ್ಟು, ಹೊಸ ದೂರವಾಣಿಯಿಂದಲೇ ಅಕ್ಕತಂಗಿಯರನ್ನು ಮಾತನಾಡಿಸಿದೆವು. ಅವನು ಹೊರಟಾಗ ಹೊಸ ಸಂಖ್ಯೆಯನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಅಜ್ಜಿಗೆ ದಿನಕ್ಕೆ ನಾಲ್ಕು ಸಲ ಹೇಳಿಕೊಟ್ಟು ಬಾಯಿಪಾಠ ಮಾಡಿಸೆಂದು ಅವನ ಕೈಗೆ ಕೊಟ್ಟೆನು.